ಕಲಿಸಿದ್ದನ್ನ ವಾಪಸ್ ಒಯ್ಯಾಕ ಬಂದ ಮೇಡಂ

ನಮ್ಮ ಮೇಡಂ ಅವರ ಬಲಗೈದು ಎರಡು ಬೆರಳ ತುದಿ ಯಾವಾಗ್ಲೂ ಗುಲಾಬಿ ಬಣ್ಣ ಇರ್ತಿದ್ವು. ಹೆಬ್ಬೆಟ್ಟು, ಮತ್ತ ಅದರ ಬಾಜೂದ್ದು. ಹೊಸದಾಗಿ ಕಾಲೇಜಿಗಿ ಬಂದ ಹುಡುಗ್ಯಾರು ಅದನ್ನ ನೋಡಿ, ಮೇಡಂ ಮನ್ಯಾಗ ತುಟಿಗಿ ಬಣ್ಣ ಹಚ್ಕೊಂಡು ಬಾಗಲಾ ದಾಟೂ ಮುಂದ ಒರಿಸ್ಕೊಂಡು ಬರ್ತಾರ ಅಂತ ಪಿಸಿಪಿಸಿ ಮಾತಾಡ್ತಿದ್ರು. ಖರೇ ಸಂಗತಿ ಬ್ಯಾರೆ. ಮೈಕ್ರೋಸ್ಕೋಪಿನ್ಯಾಗ ನೋಡಾಕ ಮಾಂಸದ ತೆಳ್ಳನ ಚೂರಿಗಿ ಒಂದು ಬಣ್ಣ ಹಾಕ್ತಾರ, ಅದು. ಸಾಬಾಣ, ಸೀಗಿಕಾಯಿ, ಹುಣಸಿಹಣ್ಣು, ಯಾವುದಕ್ಕೂ ಅದು ಬಗ್ತಿದ್ದಿಲ್ಲ. ಅದ ಬೆರಳೀಲೆ ಜ್ವಾಳದ ರೊಟ್ಟಿ ಮುರದು, ಅದ ಬೆರಳೀಲೆ ನಮ್ಮ ರೆಕಾರ್ಡ್ ಬುಕ್ಕಿಗಿ ಕೆಂಪು ಗೆರಿ ಹೊಡೀತಿದ್ರು.

ಎಂಬತ್ತರ ದಶಕದ ಕೊನಿ ಮಾತು ಇದು. ರಾಯಚೂರಿನ ಕಾಲೇಜಿನ್ಯಾಗ ಮೇಡಂ ಪ್ರಾಣಿಶಾಸ್ತ್ರ ಕಲಿಸ್ತಿದ್ರು. ಉಳದ ಲೆಕ್ಚರರ್ ಎಲ್ಲಾ ಇಂಗ್ಲಿಷ್ ನೋಟ್ಸ್ ತಂದು, ಓದಿ, ಬರ್ಕೋರಿ ಅಂದು, ಗಂಟಿ ಹೊಡದ ಕೂಡ್ಲೇ ಹೋಗ್ಬಿಡ್ತಿದ್ರು. ಇವರು ಮಾತ್ರ ಸಂತ್ಯಾಗ ನಿಂತು ಮಾತಾಡಿದಂಗ ನಮ್ಮ ಮಾತಿನ್ಯಾಗ ಪಾಠ ಹೇಳಾವ್ರು. ದೇವದುರ್ಗ ಕಡಿ ಕೂಲಿ ಮನಿತನದವ್ರು. ಅವರಪ್ಪ ರಾಯಚೂರಿನ ಹತ್ತಿ ಜಿನ್ನಿನ್ಯಾಗ ಅಂಡಗಿ ಮೂಟಿ ಹೊತ್ತು ಮಗಳಿಗಿ ಎಮ್ಮೆಸ್ಸಿ ತನಕ ಓದ್ಸಿದ್ದ. ಮನ್ಯಾಗ ಗ್ವಾಡಿ ಮ್ಯಾಲ ಒಂದು ಬುದ್ಧನ ಫೋಟೊ, ಅದರ ಬುಡಕ್ಕ ಹೈದ್ರಾಬಾದಿನ ಗೆಳತಿ ಟಪಾಲಿನ್ಯಾಗ ಕಳಸಿದ ಝೆರಾಕ್ಸ್ ಕಾಗದದ ಗುಡ್ಡಿ. ಹೊರಗಿನ ದೇಶದಾಗ ವಿಜ್ಞಾನದವ್ರು ಏನ ಮಾಡಾಕತ್ಯಾರ ಅನ್ನೋದು ಆ ಗುಡ್ಡಿಯಿಂದ ನಮ್ಮ ಕ್ಲಾಸಿಗಿ ಬರ್ತಿತ್ತು.

ನೋಡ್ರಿ, ನಾ ಮುಚ್ಚಿ ಮಾತಾಡಾಕಿ ಅಲ್ಲ. ಮೇಡಂ ದೇವತಾ ಇದ್ದಿದ್ದಿಲ್ಲ. ಉಮೇದಿಗಿ ಬಿದ್ರ ಅವರ ಮಾತಿಗಿ ಲಗಾಮು ಇರ್ತಿದ್ದಿಲ್ಲ. ಅದ ಲಗಾಮಿಲ್ಲದ ಮಾತು ನಮ್ಮನಿಗಿ ಬಂದು ಕುಂತ ಕತಿ ಇದು.

ನಾ ಬಿಎಸ್ಸಿ ಮೊದಲನೇ ವರ್ಷ. ಒಂದಿನ ಕ್ಯಾನ್ಸರಿನ ಪಾಠ ತಗದ್ರು. ಪ್ರತಿ ಕೋಶದಾಗೂ ಬೆಳಿ ಅನ್ನೋ ಹುಕುಮೂ ಇರ್ತದ, ಸಾಕು ನಿಲ್ಲು ಅನ್ನೋ ಹುಕುಮೂ ಇರ್ತದ ಅಂದ್ರು. ನಿಲ್ಲು ಅನ್ನೋ ಜೀನ್ ಎರಡೆರಡು ಇರ್ತಾವಂತ, ಅವ್ವನ ಕಡಿದೊಂದು, ಅಪ್ಪನ ಕಡಿದೊಂದು. ಒಂದು ಕೆಟ್ರ ಇನ್ನೊಂದು ಹಿಡಿತದ. ಎರಡೂ ಕೆಟ್ವು ಅಂದ್ರ ಇಳಿಜಾರಿನ್ಯಾಗ ಬ್ರೇಕ್ ಹೋದ ಕೆಂಪು ಬಸ್ಸು, ಡ್ರೈವರ್ ಏನ ಮಾಡ್ಯಾನು? ನಾವು ನಕ್ವಿ. ಆಮ್ಯಾಲ ಆ ತಿಂಗಳ ಬಂದ ಝೆರಾಕ್ಸ್ ಕಾಗದ ತಗದು, ಕಣ್ಣು ಇಷ್ಟು ದೊಡ್ಡದು ಮಾಡಿ ಹೇಳಾಕತ್ತಿದ್ರು. ತುಟಿ ಮ್ಯಾಲ ಗುಳ್ಳಿ ಎಬ್ಬಿಸೋ ಒಂದು ವೈರಸ್ ಅದ. ಅದರದೊಂದು ಜೀನ್ ತಂದು ಕ್ಯಾನ್ಸರ್ ಕೋಶದಾಗ ಸೇರಿಸ್ತಾರ. ಮ್ಯಾಲ ಒಂದು ಔಷಧ ಕೊಡ್ತಾರ. ಛಲೋ ಕೋಶಕ್ಕ ಆ ಔಷಧ ಏನೂ ಮಾಡಂಗಿಲ್ಲ. ಆ ಜೀನ್ ಇದ್ದ ಕೋಶದೊಳಗ ಹೋತು ಅಂದ್ರ ಮಾತ್ರ ವಿಷ ಆಗ್ತದ. ಗಡ್ಡಿ ತನ್ನ ವಿಷ ತಾನ ಕುದಿಸ್ಕೊಂಡು ಸಾಯ್ತದ. ಆತ್ಮಹತ್ಯಾ ಜೀನ್ ಅಂತ ಅದಕ್ಕ ಹೆಸರು.

ಅಷ್ಟಕ್ಕ ನಿಂತಿದ್ರ ಬರೋಬ್ಬರಿ ಇತ್ತು. ಮೇಡಂ ಡಸ್ಟರ್ ಟೇಬಲ್ಲಿಗಿ ಬಡದು, "ಕೊಯ್ಯೋ ಕಾಲ ಮುಗೀತು ಅಂತ ತಿಳ್ಕೋರಿ. ಇನ್ನ ಒಂದೆರಡು ವರ್ಷ," ಅಂದ್ರು.

ನಾ ಅದನ್ನ ಬರ್ಕೊಂಡೆ. ಬುಡಕ್ಕ ಎರಡು ಗೆರಿ ಹೊಡದೆ. ಯಾಕಂದ್ರ ಅದ ವಾರ ನಮ್ಮವ್ವನ ಲಿವರಿನ್ಯಾಗ ಕ್ಯಾನ್ಸರ್ ಗಡ್ಡಿ ಅದ ಅಂತ ಗೊತ್ತಾಗಿತ್ತು.

ನಮ್ಮದು ಮಾನ್ವಿ. ಅಪ್ಪ ನಾ ಸಣ್ಣಾಕಿ ಇದ್ದಾಗ ತೀರಿಹೋದ. ಅವ್ವ ಅಕ್ಕಿ ಮಿಲ್ಲಿನ್ಯಾಗ ಅಕ್ಕಿ ಹಸನ ಮಾಡಾಕಿ. ಬಿದಿರಿನ ಮರದಾಗ, ಅಂದ್ರ ಮೊರದಾಗ, ಅಕ್ಕಿ ಹಾಕ್ಕೊಂಡು ಕರೀ ಕಾಳು, ಹಳ್ಳು, ನೆಲ್ಲು ಆರಿಸೋ ಕೆಲಸ. ಆ ಮಿಲ್ಲಿನ್ಯಾಗ ಹೆಣ್ಮಕ್ಕಳು ಕುಂದ್ರೂದಕ್ಕ ಒಂದು ಕಟ್ಟು ಇತ್ತು. ಯಾರ ಕಣ್ಣು ಚುರುಕೋ ಅವರಿಗಿ ಬಾಗಲಾ ಹತ್ರ ಬೆಳಕಿನ್ಯಾಗ ಜಾಗ. ಕೈ ನಿಧಾನ ಇದ್ದಾಕಿ ಒಳಗ ಕತ್ಲಾಗ. ಒಂದು ಹಂಗಾಮ ತಪ್ಪಿಸಿದ್ರ ಬಾಗಲಾದ ಜಾಗ ಮತ್ತೊಬ್ಬಾಕಿಗಿ ಹೋಗ್ತದ, ಹಂಗೇ ವಾಪಸ್ ಸಿಗಂಗಿಲ್ಲ. ಅವ್ವ ಹನ್ನೊಂದು ವರ್ಷದಿಂದ ಬಾಗಲಾದಾಗ ಕುಂತಾಕಿ. ಊರಾಗ ಅವ್ವಗ ಇದ್ದ ಮಾನ ಅಂದ್ರ ಅದೊಂದ.

ದಸರಾ ಮುಂದ ಬಲಗಡಿ ಪಕ್ಕೀ ಬುಡಕ್ಕ ನೋವು ಅಂತ ರಾಯಚೂರು ದವಾಖಾನಿಗಿ ತೋರಿಸಿದ್ವಿ. ಅವರು ಹೈದ್ರಾಬಾದಿಗಿ ಕಳಸಿದ್ರು. ಅಲ್ಲಿ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಪರೀಕ್ಷಾ ಮಾಡಿ, ಗಡ್ಡಿ ಲಿವರಿನ ಒಂದ ಬದಿಗಿ ಅದ, ನಿಂಬಿಹಣ್ಣಿನಷ್ಟ ಅದ, ಈಗ ಕೊಯ್ದು ತಗದ್ರ ಛಲೋ ಅಂದ್ರು. ಅವ್ವ ಊರಿಗಿ ಹೋಗಿ ವಿಚಾರ ಮಾಡಿ ಬರ್ತೀನಿ ಅಂದ್ಳು. ಹೊಸ ನೆಲ್ಲು ಬರೋ ಹಂಗಾಮ ಎದುರಿಗಿ ಇತ್ತು. ಹೊಟ್ಟಿ ಕೊಯ್ತಾರ ಅನ್ನೋ ಅಂಜಿಕಿ ಬ್ಯಾರೆ.

ಆವಾಗ ನಾ, ಬಿಎಸ್ಸಿ ಓದೋ ಶಾಣ್ಯಾಕಿ, ನೋಟ್‌ಬುಕ್ ತಗದು ಓದಿ ಹೇಳಿದೆ. ಕೊಯ್ಯೋದ ಬ್ಯಾಡವ್ವ, ಗಡ್ಡಿ ತಾನ ಸಾಯೋ ಔಷಧ ಬರಾಕತ್ತದ, ನಮ್ಮ ಮೇಡಂ ಹೇಳ್ಯಾರ ಅಂದೆ. ಅವ್ವ ಒಂದ ಸಲ ಕೇಳಿದ್ಲು, ನಿಮ್ಮ ಮೇಡಂ ಖರೇ ಹೇಳ್ಯಾರೇನು ಅಂತ. ಹೂಂ ಅಂದೆ. ಹಂಗಾದ್ರ ಹಂಗಾಮ ಮುಗೀಲಿ ತಗೋ ಅಂದು ಮರುದಿನ ಮರ ತಗೊಂಡು ಮಿಲ್ಲಿಗಿ ಹೋದ್ಲು.

ಮೂರು ತಿಂಗಳ ಹೋತು. ಅವ್ವನ ಕುಬಸ ಸಡ್ಲ ಆಗಾಕತ್ತಿತ್ತು. ಸಂಕ್ರಾಂತಿ ಸುಟ್ಟಿ ಮುಗಿಸ್ಕೊಂಡು ಬಂದಾಕಿ ನಾ ಕ್ಲಾಸ್ ಮುಗದ ಮ್ಯಾಲ ಮೇಡಂಗ ಕೇಳಿದೆ, ಆ ಆತ್ಮಹತ್ಯಾ ಜೀನಿನ ಔಷಧ ಹೈದ್ರಾಬಾದಿಗಿ ಯಾವಾಗ ಬರ್ತದ್ರಿ ಅಂತ. ಮೇಡಂ ನಗಾಡಿದ್ರು. ಯಾಕ ಬೇ, ಔಷಧದ ಅಂಗಡಿ ಇಡ್ತಿ ಏನು ಅಂದ್ರು. ನಾ ಇಲ್ರಿ, ನಮ್ಮವ್ವ ಕಾಯಾಕತ್ಯಾಳ ಅಂದೆ.

ಎಲ್ಲಾ ಕೇಳಿದ್ರು. ಗಡ್ಡಿ ಎಷ್ಟಿತ್ತು, ಯಾವ ಬದಿ, ಎಷ್ಟ ದಿನ ಆತು. ಕೇಳಿ ಕೇಳಿ ಮುಂದಿನ ಬೆಂಚಿನ ಮ್ಯಾಲ, ನಾವು ಕುಂದ್ರೋ ಜಾಗದಾಗ, ಕುಂತ್ಬಿಟ್ರು. ಒಂದ ಮಾತು ಬೈಲಿಲ್ಲ. ಮಾನ್ವಿಗಿ ಮೊದಲನೇ ಬಸ್ಸು ಎಷ್ಟಕ್ಕ ಅಂತ ಕೇಳಿದ್ರು, ಅಷ್ಟ.

ಮರುದಿನ ಬಸ್‌ಸ್ಟ್ಯಾಂಡಿನ್ಯಾಗ ನೋಡ್ತೀನಿ, ಮೇಡಂ ಕೈಯಾಗ ದೊಡ್ಡದೊಂದು ಹಿಟ್ಟಿನ ಡಬ್ಬಿ. ಒಳಗ ಟವೆಲಿನ್ಯಾಗ ಸುತ್ತಿದ ಕಾಲೇಜಿನ ಮೈಕ್ರೋಸ್ಕೋಪ್. ಪ್ರಿನ್ಸಿಪಾಲರಿಗಿ ಕೇಳೀರೇನ್ರಿ ಅಂದೆ. "ಕೇಳಿದ್ರ ಅರ್ಜಿ ಬರಿ ಅಂತಾರ. ಅರ್ಜಿ ಪಾಸಾಗೋ ತನಕ ಗಡ್ಡಿ ನಿಲ್ತದೇನು?" ಅಂದ್ರು. ಕಂಡಕ್ಟರ್ ಡಬ್ಬಿ ಮ್ಯಾಲಿಡ್ರಿ ಅಂದ್ರ ಕೊಡಲಿಲ್ಲ. ಮಾನ್ವಿ ತನಕ ತೊಡಿ ಮ್ಯಾಲ ಇಟ್ಕೊಂಡು ಕುಂತ್ರು.

ಅವತ್ತ ಕರೆಂಟ್ ಇದ್ದಿದ್ದಿಲ್ಲ. ಶಕ್ತಿನಗರದಾಗ ಕರೆಂಟ್ ಹುಟ್ಟತಿತ್ತು, ನಮಗ ಮುಟ್ಟತಿದ್ದಿಲ್ಲ. ಹಿಂಗಾಗಿ ಮಿಲ್ ಬಂದ್ ಇತ್ತು, ಅವ್ವ ಮನ್ಯಾಗ ಇದ್ಲು. ದೇವದುರ್ಗದ ಕಡಿಂದ ನಮ್ಮ ಸೋದರಮಾವನೂ ಬಂದಿದ್ದ. ಅವ್ವನ ಅಣ್ಣ. ಕುರಿ ಕಾಯಾಂವ, ಹೆಗಲ ಮ್ಯಾಲ ಕಂಬಳಿ, ಬಾಯಿ ತುಂಬ ಕುಚ್ಯಾಷ್ಟಿ. ಅವ್ವ ಕೌದಿ ಹಾಸಿ ಕುಂದ್ರಿ ಅಂದ್ರ ಮೇಡಂ ಕುಂದ್ರಲಿಲ್ಲ. ಬಾಗಲಾದಾಗ ನಿಂತ ಹೇಳಿದ್ರು.

"ಯವ್ವಾ, ನಾ ನಿಮ್ಮ ಮಗಳಿಗಿ ತಪ್ಪು ಕಲಿಸೀನಿ. ಅದನ್ನ ವಾಪಸ್ ಒಯ್ಯಾಕ ಬಂದೀನಿ."

ಅವ್ವ ಮೊದ್ಲ ನೀರು ಕುಡೀರಿ ಅಂದ್ಳು. ಮೇಡಂ ನೀರು ಕುಡದು ಎಲ್ಲಾ ಬಿಡಿಸಿ ಹೇಳಿದ್ರು. ಆ ಔಷಧ ಸುಳ್ಳಲ್ಲ, ಆದ್ರ ಅದು ಗಾಜಿನ ತಟ್ಟಿಯಾಗಿನ ಕೋಶಕ್ಕ, ಇಲಿ ಮೈಯಾಗಿನ ಗಡ್ಡಿಗಿ ಮಾಡಿದ ಕೆಲಸ. ಲಿವರಿನ ಗಡ್ಡಿಗಿ ಇನ್ನ ಮಾಡಿಲ್ಲ, ಮನಷ್ಯಾಗ ಕೊಟ್ಟೇ ಇಲ್ಲ. ಎಷ್ಟು ವರ್ಷ ಹಿಡಿತದೋ ಯಾರಿಗೂ ಗೊತ್ತಿಲ್ಲ. ಒಂದೆರಡು ವರ್ಷ ಅಂತ ನಾ ಅಂದದ್ದು ಬರೇ ನನ್ನ ಆಸಿ.

ಮಾವ ಬೀಡಿ ಆರಿಸಿ, ಅಲ್ರೀ ಮೇಡಂ, ಮೊನ್ನಿ ಒಂದು ಹೇಳಿದ್ರಿ, ಇವತ್ತ ಒಂದು ಹೇಳ್ತೀರಿ, ನಾಳಿ ಬಂದು ಇದನ್ನೂ ವಾಪಸ್ ಒಯ್ತೀರೇನು ಅಂದ. ತಪ್ಪಿದ್ರ ಒಯ್ತೀನಿ ಅಂದ್ರು ಮೇಡಂ. ಮಾವ ಆರಿದ ಬೀಡಿ ಕಿವಿ ಮ್ಯಾಲ ಸಿಗಿಸ್ಕೊಂಡ.

ಆಮ್ಯಾಲ ಡಬ್ಬಿ ತಗದ್ರು. ಅಂಗಳದಾಗ ಒಗಿಯೋ ಕಲ್ಲಿನ ಮ್ಯಾಲ ಮೈಕ್ರೋಸ್ಕೋಪ್ ಇಟ್ಟು, ಬುಡದ ಕನ್ನಡಿ ತಿರುವಿ ಸುಣ್ಣದ ಗ್ವಾಡಿ ಬೆಳಕು ಹಿಡದ್ರು. ರಾಯಚೂರಿನ ಒಬ್ಬಾಕಿ ಡಾಕ್ಟರ್ ಗೆಳತಿ ಕಡಿಂದ ಇಸ್ಕೊಂಡು ಬಂದ ಗಾಜಿನ ಪಟ್ಟಿ ಇಟ್ರು. ಯಾರದೋ ಲಿವರಿನ ಚೂರು, ಅರ್ಧ ಛಲೋದು, ಅರ್ಧ ಗಡ್ಡಿ. ಯಾವುದು ಯಾವುದು ಅಂತ ಮೇಡಂ ಹೇಳೂದ್ರಾಗ ಅವ್ವ ಕಣ್ಣಿಟ್ಟು ನೋಡಾಕತ್ತಿದ್ಲು. ನೋಡಿ ನೋಡಿ, ಇವು ಸಾಲಾಗಿ ಕುಂತಾವಲ್ಲ, ಇವು ಛಲೋ ಕಾಳು ಅಂದ್ಳು. ಈ ಕಡಿ ಒಂದರ ಮ್ಯಾಲ ಒಂದು ಹತ್ಯಾವಲ್ಲ, ಹೊಟ್ಟಿ ಕಪ್ಪಗ, ಒಂದು ದೊಡ್ಡದು ಒಂದು ಸಣ್ಣದು, ಇವು ಕೆಟ್ಟದ್ದು ಅಂದ್ಳು. ಗೆರಿ ಎಲ್ಲಿ ಅದ ಅಂತ ಮೇಡಂ ಕೇಳಿದ್ರ, ಕಡ್ಡಿ ತಗೊಂಡು ಮಣ್ಣಾಗ ಗೆರಿ ಬರದು ತೋರಿಸಿದ್ಲು. ಮೇಡಂ ಬಗ್ಗಿ ನೋಡಿದ್ರು, ಮಣ್ಣು ನೋಡಿದ್ರು, ಮತ್ತ ಬಗ್ಗಿ ನೋಡಿದ್ರು. ನನ್ನ ಕಡಿ ತಿರುಗಿ, ನಿಮಗ ಇದು ಕಲಿಸಾಕ ನನಗ ಒಂದು ವರ್ಷ ಹಿಡಿತದಲ್ಲ ಬೇ ಅಂದ್ರು.

ಅವ್ವ ಎದ್ದು ಸೀರಿ ಝಾಡಿಸ್ಕೊಂಡ್ಲು. ಈ ಕೆಟ್ಟ ಕಾಳು ಛಲೋದ್ರ ಕಡಿ ಹೊಂಟಾವ ಅಲ್ಲ ಅಂದ್ಳು. ಹೌದು ಅಂದ್ರು ಮೇಡಂ. ಮರದಾಗಿನ ಕಾಳು ಕುಂತಲ್ಲೇ ಕುಂದರ್ತಾವ, ಇವು ಕುಂದ್ರಂಗಿಲ್ಲ, ಅದಕ್ಕ ಜಲ್ದಿ ಕೊಯ್ಸಬೇಕು ಅಂದ್ರು.

ಮಾವ ಸುಮ್ನ ಇರ್ಬೇಕಲ್ಲ. ಅರ್ಧ ಕಾಳಜ ಕೊಯ್ದು ತಗದ್ರ ಉಳದ ಅರ್ಧದಾಗ ಹ್ಯಾಂಗ ಬದುಕ್ತಾಳ್ರಿ ಅಂದ. ನಮ್ಮ ಕಡಿ ಲಿವರಿಗಿ ಕಾಳಜ ಅಂತಾರ. ಮೇಡಂ ಹೇಳಿದ್ರು, ಬೆಳಿತದ. ಮೈಯಾಗ ಕೊಯ್ದ್ರ ಮತ್ತ ತುಂಬ್ಕೊಳ್ಳೋದು ಅದೊಂದ. ಮಾವ ನಕ್ಕ. ನಲವತ್ತು ವರ್ಷದಾಗ ಸಾವಿರ ಕುರಿ ಕೊಯ್ದೀನಿ, ಒಂದರದ್ದೂ ಬಾಲ ಸುದ್ದಾ ಬೆಳದಿಲ್ಲ, ಕಾಳಜ ಬೆಳಿತದಂತ ಅಂದ. ಕೊಯ್ದ ಮ್ಯಾಲ ನೀವು ಅದಕ್ಕ ಬದುಕಾಕ ಬಿಟ್ರಲ್ಲೇನ್ರಿ ಬೆಳಿಯೋದು ಅಂದ್ರು ಮೇಡಂ. ಅವ್ವನೂ ನಕ್ಲು. ಆ ತಿಂಗಳದಾಗ ಅವ್ವ ನಕ್ಕದ್ದು ಅದ ಮೊದ್ಲು.

ನಗೀ ನಿಂತ ಮ್ಯಾಲ ಅವ್ವ ಮೇಡಂ ಕಣ್ಣಾಗ ಕಣ್ಣಿಟ್ಟು ಕೇಳಿದ್ಲು.

"ಬೆಳಿತದ ಅಂದ್ರಲ್ಲ. ಇದು ಇಲಿ ಮಾತೋ, ಮನಷ್ಯಾರ ಮಾತೋ?"

ಮೇಡಂ ಮಾರಿ ಕೆಂಪಗಾತು. "ಮನಷ್ಯಾರ ಮಾತು. ಕೊಯ್ಸ್ಕೊಂಡು ಬದುಕಿದವ್ರು ಅದಾರ. ಸತ್ತವ್ರೂ ಅದಾರ," ಅಂದ್ರು.

ಅವ್ವ ಅಷ್ಟು ಸಾಕು ಅಂದ್ಳು. ಮರ ತಗದು ಗ್ವಾಡಿಗಿ ತೂಗು ಹಾಕಿದ್ಲು.

ಹೈದ್ರಾಬಾದಿಗಿ ಮೇಡಂ ನಮ್ಮ ಕೂಡ ಬಂದ್ರು, ರಜಾ ಹಾಕಿ. ಮಾವನೂ ಬಂದ, ಕಂಬಳಿ ಸಮೇತ. ಮತ್ತ ಸ್ಕ್ಯಾನ್ ಮಾಡಿದ್ರು. ನಿಂಬಿಹಣ್ಣಿನಷ್ಟು ಇದ್ದದ್ದು ಮೋಸಂಬಿಯಷ್ಟು ಆಗ್ಯದ ಅಂದ್ರು ಡಾಕ್ಟರು. ಕೊಯ್ಯಾಕ ಬರ್ತದ, ಆದ್ರ ಜಾಸ್ತಿ ಕೊಯ್ಬೇಕಾಗ್ತದ. ಯಾಕ ತಡಾ ಮಾಡಿದ್ರಿ ಅಂತ ಅವರು ಸಿಟ್ಟೀಲೆ ಕೇಳಿದಾಗ ನಾ ಬಾಯಿ ತಗಿಯೂದ್ರಾಗ ಮೇಡಂ, ನನ್ನ ಮಾತು ಕೇಳಿ ಕಾದ್ರು ಅಂದ್ರು. ನೀವು ಯಾರು ಅಂದ್ರು ಡಾಕ್ಟರು. ಲೆಕ್ಚರರ್ ಅಂದ್ರು. ಡಾಕ್ಟರು ಬೈದದ್ದನ್ನ ಇಲ್ಲಿ ಬರಿಯಂಗಿಲ್ಲ. ಮೇಡಂ ನಿಂತು ಪೂರಾ ಕೇಳಿದ್ರು.

ಅವ್ವ ಉಳದ್ಲು. ಎರಡು ತಿಂಗಳ ಹಾಸಿಗ್ಯಾಗ ಇದ್ಲು. ಆಮ್ಯಾಲ ಎದ್ಲು. ಮುಂದಿನ ಹಂಗಾಮಕ್ಕ ಮಿಲ್ಲಿಗಿ ಹೋದ್ರ ಬಾಗಲಾದಾಗ ಬ್ಯಾರೆ ಹೆಣ್ಮಗಳು ಕುಂತಿದ್ಲು. ಅವ್ವ ಜಗಳ ಮಾಡಲಿಲ್ಲ. ಒಳಗ ಕತ್ಲಾಗ ಕುಂತು ಆರಿಸಿದ್ಲು. ಆ ಕತ್ಲಾಗ ಆರಿಸಿದ ಅಕ್ಕ್ಯಾಗೂ ಒಂದು ಹಳ್ಳು ಸಿಗಲಿಲ್ಲ ಅಂದ ಮ್ಯಾಲ, ಹಂಗಾಮ ಅರ್ಧ ಆಗೂದ್ರಾಗ ಬಾಗಲಾದಾಕಿ ತಾನ ಎದ್ದು, ಬಾರಕ್ಕ, ನಿನ್ನ ಜಾಗ ನೀ ತಗೋ ಅಂದ್ಳಂತ. ಅವ್ವ ಈ ಸುದ್ದಿ ನನಗ ಹೇಳೂದಕ್ಕಿಂತ ಮೊದ್ಲ ಕಾರ್ಡ್ ಬರಿಸಿ ಮೇಡಂಗ ಹಾಕಿದ್ಲು.

ಮೇಡಂ ಬದಲಾದ್ರು. ಪಾಠ ಸುರು ಮಾಡೋ ಮೊದ್ಲ ಬೋರ್ಡಿನ ನಡುವ ಉದ್ದಕ್ಕ ಒಂದು ಗೆರಿ ಹೊಡೀತಿದ್ರು. ಎಡಕ್ಕ ‘ಇಲಿ’, ಬಲಕ್ಕ ‘ಮನಷ್ಯಾ’. ಏನ ಹೇಳಿದ್ರೂ ಯಾವ ಬದಿಗಿ ಬರೀಬೇಕು ಅಂತ ನಮ್ಮನ್ನ ಕೇಳಾವ್ರು. ಎಡಗಡಿ ತುಂಬಿ ತುಳುಕ್ತಿತ್ತು, ಬಲಗಡಿ ಎರಡ ಸಾಲು. ಕೆಲವು ಹುಡುಗ್ಯಾರಿಗಿ ಬ್ಯಾಸರ. ಮೊದ್ಲು ಮೇಡಂ ಪಾಠ ಎಷ್ಟು ಮಜಾ ಇತ್ತು, ಈಗ ಬರೇ ಗೊತ್ತಿಲ್ಲ ಗೊತ್ತಿಲ್ಲ ಅಂತಾರ ಅಂತ ಗೊಣಗ್ತಿದ್ರು. ಅವರ ಕಿವೀಗೂ ಬಿತ್ತು. ಮಜಾ ಬೇಕಾದ್ರ ಟಾಕೀಸಿಗಿ ಹೋಗ್ರಿ ಅಂದ್ರು.

ಎಂಬತ್ತೊಂಬತ್ತರ ಮಳಿಗಾಲ ಮುಗದ ಮ್ಯಾಲ ಇನ್ನೊಂದು ಆತು. ಐವತ್ಮೂರು ಅನ್ನೋ ನಂಬರಿನ ಒಂದು ಜೀನ್ ಅದ. ಅದು ಕ್ಯಾನ್ಸರ್ ಬೆಳೆಸೋ ಜೀನ್ ಅಂತ ಮೇಡಂ ಕಲಿಸಿದ್ರು. ಜಗತ್ತೇ ಹಂಗ ತಿಳದಿತ್ತು. ಹೊಸಾ ಝೆರಾಕ್ಸ್ ಬಂತು, ಅದರಾಗ ಉಲ್ಟಾ ಇತ್ತು. ವಿಜ್ಞಾನದವ್ರ ಕೈಗಿ ಮೊದ್ಲು ಸಿಕ್ಕದ್ದು ಕೆಟ್ಟುಹೋದ ಜೀನಂತ. ಕೆಡದೇ ಇದ್ದ ಜೀನು ಗಡ್ಡಿ ತಡಿಯೋ ಕಾವಲುಗಾರ. ಮೇಡಂ ಮೂರು ವರ್ಷದ ಹಾಜರಿ ಪುಸ್ತಕ ತಗದು, ಆ ಪಾಠ ಕೇಳಿದ ಒಬ್ಬೊಬ್ಬರಿಗೂ ಕಾರ್ಡ್ ಬರದ್ರು. ಲಗ್ನಾಗಿ ದೇವದುರ್ಗದಾಗ ರೊಟ್ಟಿ ಬಡಿಯೋ ಹುಡುಗೀಗೂ ಹೋತು, ಲಿಂಗಸೂರಿನ್ಯಾಗ ಕಂಡಕ್ಟರ್ ಆದಾಂವಗೂ ಹೋತು. "ನಾ ಕಳ್ಳ ಅಂತ ಹೇಳಿದ್ದು ಕಾವಲುಗಾರ. ನೋಟ್‌ಬುಕ್ಕಿನ್ಯಾಗ ತಿದ್ದಿಕೋ," ಇಷ್ಟ ಬರದಿದ್ರು. ನೋಟ್‌ಬುಕ್ ಎಂದೋ ರದ್ದಿಗಿ ಹಾಕಿದವ್ರು ನಕ್ಕಿರಬೇಕು. ನಾ ತಿದ್ದಿಕೊಂಡೆ.

ನಾ ಈಗ ಸರ್ಕಾರಿ ದವಾಖಾನಿ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ. ಒಂದ ಇಂಜೆಕ್ಷನ್, ಕ್ಯಾನ್ಸರ್ ಖಲಾಸ್ ಅನ್ನೋ ಸುದ್ದಿ ಮೊಬೈಲಿನ್ಯಾಗ ನನಗ ವಾರಕ್ಕ ಹತ್ತು ಮಂದಿ ಕಳಸ್ತೀರಿ. ಎಲ್ಲರಿಗೂ ನಾ ಅವ್ವನ ಪ್ರಶ್ನೀನ ಕೇಳೋದು. ಸಿಟ್ಟಾಗ್ತೀರಿ, ಆಗ್ರಿ. ಆ ಆತ್ಮಹತ್ಯಾ ಜೀನು ಬೋರ್ಡಿನ ಬಲಗಡಿ ಬರಾಕ ಭಾಳ ವರ್ಷ ಹಿಡೀತು. ಮನಷ್ಯಾರ ಮ್ಯಾಲ ಪರೀಕ್ಷಾ ಸುರು ಆದ ಸುದ್ದಿ ಓದಿ ಮೇಡಂ ನನಗ ಫೋನ್ ಮಾಡಿದ್ರು. ಬಂತು ಬೇ, ಕೆಲಸ ಮಾಡ್ತದೋ ಇಲ್ಲೋ ಇನ್ನ ಗೊತ್ತಿಲ್ಲ ಅಂದ್ರು. ನಾಲ್ಕು ವರ್ಷದ ಹಿಂದ ಮೇಡಂ ರಾಯಚೂರಿನ್ಯಾಗ ತಮ್ಮ ಮನ್ಯಾಗ ಹೋದ್ರು. ವಯಸ್ಸಾಗಿತ್ತು. ಮಣ್ಣಿಗಿ ಬಂದವ್ರಾಗ ಅರ್ಧ ಮಂದಿ ಆ ಕಾರ್ಡ್ ಬಂದವ್ರ ಇದ್ರು.

ಆದ್ರ ನಾ ಅವರಿಗಿ ಋಣ ಬಿದ್ದದ್ದು ಇದ್ಯಾವುದಕ್ಕೂ ಅಲ್ಲ.

ಅವ್ವನ ಗಡ್ಡಿ ವಾಪಸ್ ಬಂತು. ಎಂಬತ್ತೊಂಬತ್ತು ಮುಗಿಯೋ ಹೊತ್ತಿಗಿ, ಈ ಸಲ ಎರಡೂ ಬದಿಗಿ. ಕೊಯ್ಯಾಕ ಬರಂಗಿಲ್ಲ ಅಂದ್ರು. ಅವ್ವ ಆತು ಅಂದ್ಳು, ಮಿಲ್ಲಿಗಿ ಹೋದ್ಲು. ಕೈ ಮರ ಎತ್ತೂ ತನಕ ಹೋದ್ಲು. ಅವ್ವ ತೀರಿಕೊಂಡ ಮೂರನೇ ದಿನ ಮೇಡಂ ಬಂದ್ರು. ಮಂದಿ ಎಲ್ಲಾ ಒಳಗಿದ್ರು, ನಾವಿಬ್ರ ಅಂಗಳದಾಗ ಕುಂತಿದ್ವಿ. ನನ್ನೊಳಗ ಎರಡು ವರ್ಷದಿಂದ ಒಂದ ಮಾತು ಕೊರೀತಿತ್ತು. ಕಾಯಿ ಅಂತ ಅವ್ವಗ ಹೇಳಿದಾಕಿ ನಾ.

"ಮೇಡಂ, ದಸರಾದಾಗ ಕೊಯ್ಸಿದ್ರ ಅವ್ವ ಉಳೀತಿದ್ಲೇನ್ರಿ?"

ಒಳಗ ಮಾವ ಎಲ್ಲರಿಗೂ ಹಣೀಬರಹ ಅಂತ ಹೇಳಾಕತ್ತಿದ್ದ. ಮೇಡಂಗೂ ಅದ ಮಾತು ಹೇಳೋದು ಸಸಾರ ಇತ್ತು. ಇಲ್ಲ, ಏನ ಮಾಡಿದ್ರೂ ಉಳೀತಿದ್ದಿಲ್ಲ ಅಂದಿದ್ರ ನಾ ನಂಬ್ತಿದ್ದೆ.

"ಗೊತ್ತಿಲ್ಲ," ಅಂದ್ರು. "ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು. ನೀ ಹೇಳಿದ್ದು ನನ್ನ ಮಾತು. ಈ ತಪ್ಪು ನಂದು, ನಾ ಹೊರತೀನಿ. ನೀ ಇದಕ್ಕ ಕೈ ಹಚ್ಚಬ್ಯಾಡ."

ಆಮ್ಯಾಲ ಎದ್ದು ಚಪ್ಪಲಿ ಮೆಟ್ಟಿಕೊಂಡು, ನಾಳಿ ಹತ್ತಕ್ಕ ಕ್ಲಾಸ್ ಅದ, ಬಾ ಅಂದ್ರು.

ನಾ ಹೋದೆ.